ಅರ್ಜಿಗಾಗಿ ಅಹೋರಾತ್ರಿ: ಕಾಲೇಜಿನ ಮುಂದಿನ ಸಾಲು ಏಕೆ ಕರಗುವುದಿಲ್ಲ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೊರಬಿದ್ದ ದಿನದ ರಾತ್ರಿ. ಹೆಸರುವಾಸಿ ಪದವಿಪೂರ್ವ ಕಾಲೇಜಿನ ಮುಚ್ಚಿದ ಗೇಟು. ಅದರ ಎದುರಿನ ಕಾಲುದಾರಿಯಲ್ಲಿ ಹಾಸಿದ ಹಳೆಯ ದಿನಪತ್ರಿಕೆಗಳು, ನೀರಿನ ಬಾಟಲಿಗಳು, ಜಾಗ ಕಾಯ್ದಿರಿಸಲು ಬಿಟ್ಟ ಚಪ್ಪಲಿಗಳು, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಎದೆಗವಚಿಕೊಂಡ ಅಂಕಪಟ್ಟಿಯ ಪ್ರತಿ. ಯಾರೋ ಒಬ್ಬರು ನೋಟುಪುಸ್ತಕದ ಹಾಳೆ ಹರಿದು ಬಂದವರ ಹೆಸರನ್ನು ಕ್ರಮವಾಗಿ ಬರೆದಿಟ್ಟಿರುತ್ತಾರೆ. ಆ ಪಟ್ಟಿಗೆ ಕಾಲೇಜಿನ ಮುದ್ರೆಯಿಲ್ಲ, ಇಲಾಖೆಯ ಮಾನ್ಯತೆಯಿಲ್ಲ; ಆದರೂ ಬೆಳಗಿನವರೆಗೆ ಅದೇ ಶಾಸನ. ಬೆಂಗಳೂರು, ಮೈಸೂರುಗಳಂಥ ನಗರಗಳ ಓದುಗರಿಗೆ ಈ ಚಿತ್ರ ಹೊಸದಲ್ಲ. ಮೇ, ಜೂನ್ ತಿಂಗಳ ಪತ್ರಿಕೆಗಳಲ್ಲಿ ಅರ್ಜಿಗಾಗಿ ಕಾದು ನಿಂತ ವಿದ್ಯಾರ್ಥಿಗಳ ಛಾಯಾಚಿತ್ರ ಮಾವಿನ ಹಣ್ಣಿನ ಸುದ್ದಿಯಷ್ಟೇ ನಿಯತವಾಗಿ ಬಂದಿದೆ.

ಆ ಸಾಲಿನಲ್ಲಿ ನಿಲ್ಲುವವರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯನ್ನೇ ತೆಗೆದುಕೊಳ್ಳಬಹುದು. ಸುಮನಹಳ್ಳಿ, ಕೊಟ್ಟಿಗೆಪಾಳ್ಯ, ಸುಂಕದಕಟ್ಟೆಗಳನ್ನು ದಾಟಿ ಸಿಗುವ ಈ ಊರು ಕೆಲವೇ ದಶಕಗಳ ಹಿಂದೆ ನಗರದ ಹೊರಗಿನ ಹಳ್ಳಿಯಾಗಿತ್ತು. ಇಂದು ಬಡಾವಣೆಗಳ ನಡುವೆ ಹೂತುಹೋಗಿದೆ. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್ ಘಟಕಗಳಿಗೂ ಕೆಲಸಕ್ಕೆ ಹೋಗುವ ಕುಟುಂಬಗಳು ಈ ಭಾಗದಲ್ಲಿ ದಟ್ಟವಾಗಿವೆ. ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಆದರೆ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಬೇಕಾಗಿರುವುದು ಪಿಯು ಕಾಲೇಜು. ಅದರಲ್ಲೂ ‘ಒಳ್ಳೆಯ ಕಾಲೇಜು’ ಎಂದರೆ ಮನೆಯವರ ಬಾಯಲ್ಲಿ ಮೊದಲು ಬರುವುದು ರಾಜಾಜಿನಗರ, ವಿಜಯನಗರ, ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಸಂಸ್ಥೆಗಳ ಹೆಸರು.

ಬೆಳಗ್ಗೆ ಒಂಬತ್ತಕ್ಕೆ ಅರ್ಜಿ ವಿತರಣೆ ಎಂದು ಪ್ರಕಟಣೆಯಲ್ಲಿದ್ದರೆ, ಮಲ್ಲೇಶ್ವರದ ಹುಡುಗ ಐದಕ್ಕೆ ಎದ್ದು ನಡೆದುಕೊಂಡು ಬಂದು ಸಾಲಿನ ಮುಂಭಾಗದಲ್ಲಿ ನಿಲ್ಲಬಲ್ಲ. ಬ್ಯಾಡರಹಳ್ಳಿಯ ಹುಡುಗಿ ಮೊದಲ ಬಸ್ಸು ಹಿಡಿದರೂ ಅವನ ಹಿಂದೆಯೇ ನಿಲ್ಲಬೇಕು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಆಕೆಗೆ ಟಿಕೆಟ್ಟಿನ ಹಣ ಬೇಕಿಲ್ಲ ನಿಜ. ಆದರೆ ಬಸ್ಸು ಹೊರಡುವ ವೇಳೆಯನ್ನು ಯೋಜನೆ ಹಿಂದಕ್ಕೆ ತರಲಾರದು. ಮಾಗಡಿ ರಸ್ತೆಯಗುಂಟ ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಸಾಗಲಿರುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ್ದು 2024ರ ಆಗಸ್ಟ್‌ನಲ್ಲಿ. ಹೀಗಾಗಿ ದೂರದ ಬಡಾವಣೆಯವರಿಗೆ ಉಳಿಯುವ ದಾರಿ ಹಿಂದಿನ ರಾತ್ರಿಯೇ ಹೊರಡುವುದು, ಇಲ್ಲವೇ ಅಪ್ಪನನ್ನೋ ಅಣ್ಣನನ್ನೋ ಕಳುಹಿಸುವುದು. ಅಪ್ಪ ಹೋದರೆ ಮರುದಿನದ ಕೂಲಿ ಹೋಯಿತು.

ಇಲ್ಲೊಂದು ವಿಚಿತ್ರವಿದೆ. ಪಿಯು ಪ್ರವೇಶಕ್ಕೆ ಇಲಾಖೆ ವಿಧಿಸಿರುವ ಕ್ರಮದಲ್ಲಿ ಸಾಲಿಗೆ ಸ್ಥಾನವೇ ಇಲ್ಲ. ಕಾಲೇಜುಗಳು ಅರ್ಜಿ ಪಡೆದು, ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ ಆಯ್ಕೆಪಟ್ಟಿ ಸಿದ್ಧಪಡಿಸಿ, ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಅಂಕವೇ ನಿರ್ಣಾಯಕವಾದರೆ ಅರ್ಜಿಯನ್ನು ಮೊದಲ ದಿನ ಮೊದಲಿಗನಾಗಿ ಪಡೆದವನಿಗೂ ಕೊನೆಯ ದಿನ ಪಡೆದವನಿಗೂ ವ್ಯತ್ಯಾಸವಿರಬಾರದು. ಹಾಗಿದ್ದರೂ ಸಾಲು ಬೆಳೆಯುತ್ತದೆ. ಇದನ್ನು ಪೋಷಕರ ಆತಂಕ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಾಲಿನಲ್ಲಿ ನಿಂತವರು ಮೂರ್ಖರಲ್ಲ.

ಮೊದಲನೆಯದಾಗಿ, ಫಾರಂ ಮುಗಿದುಹೋದೀತು ಎಂಬ ಭಯ. ಮುದ್ರಿಸಿದ ಫಾರಮ್ಮುಗಳಿಗೆ ಮಿತಿಯಿದೆ ಎಂಬ ವದಂತಿ ಒಮ್ಮೆ ಹಬ್ಬಿದರೆ ಸಾಕು, ನಿಜವೋ ಸುಳ್ಳೋ, ಜನ ಬರುತ್ತಾರೆ. ಜನ ಬಂದದ್ದನ್ನು ಕಂಡು ಇನ್ನಷ್ಟು ಜನ ಬರುತ್ತಾರೆ. ಎರಡನೆಯದು, ಇಂತಿಷ್ಟು ಅಂಕ ಮೀರಿದವರಿಗೆ ಸ್ಥಳದಲ್ಲೇ ಪ್ರವೇಶ ನೀಡುವ ರೂಢಿ. ಖಾಸಗಿ ಕಾಲೇಜು ಈ ಮಾರ್ಗ ಹಿಡಿದಲ್ಲಿ ಅಂಕದ ಗೆರೆ ದಾಟಿದ ಮೇಲೆ ಉಳಿಯುವುದು ಸಾಲಿನ ಕ್ರಮವೊಂದೇ. ಮೂರನೆಯದು ವಿಷಯ ಸಂಯೋಜನೆ. ಪಿಯು ವಿದ್ಯಾರ್ಥಿ ಎರಡು ಭಾಷೆಗಳ ಜೊತೆಗೆ ನಾಲ್ಕು ವಿಷಯಗಳ ಒಂದು ಗುಚ್ಛವನ್ನು ಆರಿಸಿಕೊಳ್ಳಬೇಕು. ವಿಜ್ಞಾನದಲ್ಲಿ ಜೀವಶಾಸ್ತ್ರ ಬೇಕೋ ಗಣಕ ವಿಜ್ಞಾನ ಬೇಕೋ, ವಾಣಿಜ್ಯದಲ್ಲಿ ಸಂಖ್ಯಾಶಾಸ್ತ್ರವೋ ಗಣಕವೋ ಎಂಬುದು ಆಗಲೇ ನಿಶ್ಚಯವಾಗುತ್ತದೆ. ಕಾಲೇಜಿನಲ್ಲಿ ಸೀಟಿದ್ದರೂ ಬೇಕಾದ ಗುಚ್ಛದಲ್ಲಿ ಇಲ್ಲದಿರಬಹುದು. ಪ್ರಯೋಗಾಲಯದಲ್ಲಿ ಎಷ್ಟು ಕಂಪ್ಯೂಟರುಗಳಿವೆಯೋ ಅಷ್ಟೇ ಮಕ್ಕಳು.

2021ನೆಯ ವರ್ಷ ಈ ವ್ಯವಸ್ಥೆಯ ಬುಡವನ್ನೇ ತೋರಿಸಿತು. ಕೋವಿಡ್ ಕಾರಣದಿಂದ ಸರಳಗೊಳಿಸಿ ನಡೆಸಿದ ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಸುಮಾರು 8.71 ಲಕ್ಷ ವಿದ್ಯಾರ್ಥಿಗಳು ಉತ್ತೀರ್ಣರಾದರು. ಅನುತ್ತೀರ್ಣ ಎನಿಸಿಕೊಂಡದ್ದು ಒಂದೇ ಒಂದು ಪ್ರಕರಣ. 157 ಮಂದಿ 625ಕ್ಕೆ 625 ಪಡೆದರು. ಅದೇ ವರ್ಷ ಪರೀಕ್ಷೆಯೇ ಇಲ್ಲದೆ ಪ್ರಕಟವಾದ ದ್ವಿತೀಯ ಪಿಯು ಫಲಿತಾಂಶದಲ್ಲಿ 2,239 ಮಂದಿ 600ಕ್ಕೆ 600 ಅಂಕ ಗಳಿಸಿದರು. ಅಂಕಗಳು ಹೀಗೆ ಒಂದೇ ಎತ್ತರಕ್ಕೆ ಬಂದು ನಿಂತಾಗ ಅಂಕಪಟ್ಟಿ ಯಾರನ್ನೂ ಬೇರ್ಪಡಿಸಲಾರದು. ಆಗ ಬೇರ್ಪಡಿಸಲು ಉಳಿಯುವುದು ವಯಸ್ಸು, ಅರ್ಜಿ ಸಲ್ಲಿಸಿದ ವೇಳೆ, ಅಥವಾ ಹೇಳಲಾಗದ ಇನ್ನೇನೋ.

ಇದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ಅದು ಸೀಟುಗಳ ಕೊರತೆಯಲ್ಲ, ಕೊರತೆಯ ಭ್ರಮೆ. ನೂರು ವಿದ್ಯಾರ್ಥಿಗಳು, ನಾಲ್ಕು ಕಾಲೇಜುಗಳು, ಒಟ್ಟು ನೂರು ಸೀಟುಗಳಿವೆ ಎಂದಿಟ್ಟುಕೊಳ್ಳೋಣ. ಎಲ್ಲರಿಗೂ ಜಾಗವಿದೆ. ಆದರೆ ಪ್ರತಿ ಕಾಲೇಜಿಗೂ ಪ್ರತ್ಯೇಕ ಅರ್ಜಿ ಹಾಕಬೇಕಾದ್ದರಿಂದ ಪ್ರತಿಯೊಬ್ಬನೂ ನಾಲ್ಕು ಕಡೆ ಅರ್ಜಿ ಹಾಕುತ್ತಾನೆ. ನಾಲ್ಕೂ ಗೇಟುಗಳ ಮುಂದೆ ನೂರು ನೂರು ಮಂದಿ ಕಾಣಿಸುತ್ತಾರೆ. ಇಪ್ಪತ್ತೈದು ಸೀಟಿಗೆ ನೂರು ಅರ್ಜಿ ಎಂದು ಸುದ್ದಿಯಾಗುತ್ತದೆ. ಹೆಚ್ಚು ಅಂಕ ಪಡೆದವರ ಹೆಸರು ನಾಲ್ಕೂ ಕಾಲೇಜುಗಳ ಮೊದಲ ಪಟ್ಟಿಯಲ್ಲಿ ಬರುತ್ತದೆ. ಅವರು ಒಂದನ್ನು ಆರಿಸಿ ಮೂರನ್ನು ಬಿಡುವವರೆಗೆ ಉಳಿದವರ ಉಸಿರು ಬಿಗಿ ಹಿಡಿದಿರುತ್ತದೆ. ಎರಡನೆಯ ಪಟ್ಟಿ, ಮೂರನೆಯ ಪಟ್ಟಿ ಎಂದು ವಾರಗಳು ಉರುಳುತ್ತವೆ. ಅಷ್ಟರಲ್ಲಿ ಧೈರ್ಯಗೆಟ್ಟ ಮಧ್ಯಮ ಅಂಕದ ವಿದ್ಯಾರ್ಥಿ ಎಲ್ಲೋ ಒಂದು ಕಡೆ ಪೂರ್ಣ ಶುಲ್ಕ ಕಟ್ಟಿಬಿಟ್ಟಿರುತ್ತಾನೆ. ಆಮೇಲೆ ಬೇಕಾದ ಕಾಲೇಜಿನಿಂದ ಕರೆ ಬಂದರೂ, ಕಟ್ಟಿದ ಹಣ ಹಿಂದಿರುಗುತ್ತದೆಯೇ ಎಂಬುದು ಬೇರೆಯೇ ಕಥೆ. ಪ್ರತಿ ಅರ್ಜಿಗೂ ವಿವರಣ ಪುಸ್ತಿಕೆಗೂ ಶುಲ್ಕವಿರುವಲ್ಲಿ ಈ ಗೊಂದಲದಿಂದ ನಷ್ಟವಾಗುವುದು ಕಾಲೇಜಿಗಂತೂ ಅಲ್ಲ.

ಸಾಲು ನ್ಯಾಯಬದ್ಧವಾದುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮೊದಲು ಬಂದವರಿಗೆ ಮೊದಲು. ಹಣವಂತನೂ ಬಡವನೂ ಒಂದೇ ಸಾಲಿನಲ್ಲಿ. ಅರ್ಥಶಾಸ್ತ್ರಜ್ಞ ಯೋರಮ್ ಬಾರ್ಜೆಲ್ 1974ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕಾಯುವಿಕೆಯ ಮೂಲಕ ನಡೆಯುವ ಹಂಚಿಕೆಯನ್ನು ವಿಶ್ಲೇಷಿಸಿದರು. ಹಣದ ಬದಲು ಸಮಯವೇ ಬೆಲೆಯಾದಾಗ, ಸಮಯವನ್ನು ಕಡಿಮೆ ಖರ್ಚಿನಲ್ಲಿ ತೆರಬಲ್ಲವರು ಮುಂದೆ ನಿಲ್ಲುತ್ತಾರೆ. ಸಿನಿಮಾ ಟಿಕೆಟ್ಟಿನ ಮಟ್ಟಿಗೆ ಇದು ನಿರುಪದ್ರವಿ. ಹದಿನಾರರ ಹುಡುಗಿಗೆ ಇಡೀ ರಾತ್ರಿ ರಸ್ತೆಯಲ್ಲಿ ಕಳೆಯುವ ‘ಬೆಲೆ’ ಮತ್ತು ಅದೇ ಬೀದಿಯ ಹುಡುಗನಿಗೆ ಅದರ ಬೆಲೆ ಒಂದೇ ಅಲ್ಲ. ಶೌಚಾಲಯವೆಲ್ಲಿ, ಜೊತೆಗೆ ಯಾರು, ನೆರೆಹೊರೆಯವರು ಏನೆಂದುಕೊಂಡಾರು ಎಂಬ ಪ್ರಶ್ನೆಗಳು ಅವಳಿಗಷ್ಟೇ ಎದುರಾಗುತ್ತವೆ. ಅನೇಕ ಮನೆಗಳಲ್ಲಿ ಮಗಳನ್ನು ಆ ಸಾಲಿಗೆ ಕಳುಹಿಸುವುದೇ ಇಲ್ಲ. ಹತ್ತಿರದ ಯಾವುದಾದರೂ ಕಾಲೇಜು ಸಾಕು ಎಂದು ತೀರ್ಮಾನವಾಗಿಬಿಡುತ್ತದೆ. ಆ ತೀರ್ಮಾನ ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ.

ಸಾಲನ್ನು ಕರಗಿಸುವ ವಿದ್ಯೆ ಕರ್ನಾಟಕಕ್ಕೆ ಗೊತ್ತಿಲ್ಲದ್ದೇನಲ್ಲ. ವೃತ್ತಿಶಿಕ್ಷಣ ಕೋರ್ಸುಗಳ ವಿಷಯದಲ್ಲಿ ರಾಜ್ಯ ಇದನ್ನು ದೇಶದಲ್ಲೇ ಬಹುಬೇಗ ಕಲಿತಿತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಇಲ್ಲಿ 1984ರಲ್ಲೇ ಬಂದಿತ್ತು. 1992ರ ಮೋಹಿನಿ ಜೈನ್ ಪ್ರಕರಣ, 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪುಗಳ ಬೆನ್ನಿಗೆ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕ ಅಸ್ತಿತ್ವಕ್ಕೆ ಬಂದಿತು. ರಾಜ್ಯದ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ತಂದೆತಾಯಿಯರೊಡನೆ ಕೌನ್ಸೆಲಿಂಗ್‌ಗೆ ಬೆಂಗಳೂರಿಗೆ ಬರುತ್ತಿದ್ದ ದಿನಗಳನ್ನು ಒಂದು ಇಡೀ ತಲೆಮಾರು ಮರೆತಿಲ್ಲ. ಬೀದರಿನವರು ಹಿಂದಿನ ರಾತ್ರಿಯೇ ಬಂದು ಬಸ್ ನಿಲ್ದಾಣದಲ್ಲೋ ನೆಂಟರ ಮನೆಯಲ್ಲೋ ತಂಗಬೇಕಾಗುತ್ತಿತ್ತು. ಆದರೆ ಆ ಕಾಯುವಿಕೆಗೂ ಈ ಸಾಲಿಗೂ ಮೂಲಭೂತ ವ್ಯತ್ಯಾಸವಿತ್ತು. ಅಲ್ಲಿ ಯಾರ ಸರದಿ ಯಾವಾಗ ಎಂಬುದನ್ನು ರ‍್ಯಾಂಕ್ ಮೊದಲೇ ನಿಶ್ಚಯಿಸಿತ್ತು. ರಾತ್ರಿ ಬಂದರೂ ಬೆಳಗ್ಗೆ ಬಂದರೂ ಸರದಿ ಬದಲಾಗುತ್ತಿರಲಿಲ್ಲ.

2012ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿಕೆಯನ್ನು ಆನ್‌ಲೈನ್‌ಗೆ ತಂದಿತು. ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುತ್ತಾನೆ. ಗಡುವು ಮುಗಿದ ಮೇಲೆ ಗಣಕಯಂತ್ರ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ನೋಡುತ್ತಾ, ಉಳಿದಿರುವ ಸೀಟುಗಳಲ್ಲಿ ಅವರ ಅತ್ಯುನ್ನತ ಆಯ್ಕೆಯನ್ನು ಕೊಡುತ್ತಾ ಹೋಗುತ್ತದೆ. ಮೊದಲು ಅಣಕು ಹಂಚಿಕೆ, ಬಳಿಕ ನೈಜ ಹಂಚಿಕೆ. ಸಿಕ್ಕಿದ್ದನ್ನು ಒಪ್ಪಿ ಹೊರನಡೆಯಬಹುದು, ಒಪ್ಪಿಕೊಂಡೇ ಇನ್ನೂ ಉತ್ತಮವಾದುದಕ್ಕೆ ಕಾಯಬಹುದು, ಬೇಡವೆಂದು ಮುಂದಿನ ಸುತ್ತಿಗೆ ಹೋಗಬಹುದು. ಇದರ ಜೀವಾಳ ಇಂಟರ್ನೆಟ್ ಅಲ್ಲ. ಗಡುವಿನೊಳಗೆ ಯಾವ ಗಳಿಗೆಯಲ್ಲಿ ದಾಖಲಿಸಿದರೂ ಫಲ ಒಂದೇ ಎಂಬುದು ಅದರ ಜೀವಾಳ. ಅಲ್ಲಿ ಬೇಗ ಬಂದವನಿಗೆ ಬಹುಮಾನವಿಲ್ಲ, ಆದ್ದರಿಂದ ಯಾರೂ ನಿದ್ರೆಗೆಡಬೇಕಿಲ್ಲ.

ಇಂಥ ಹಂಚಿಕೆಯ ಗಣಿತಕ್ಕೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಕಾಲೇಜು ಪ್ರವೇಶವನ್ನೂ ಮದುವೆಯ ಹೊಂದಾಣಿಕೆಯನ್ನೂ ಒಂದೇ ಲೆಕ್ಕದ ಎರಡು ರೂಪಗಳೆಂದು ತೋರಿಸಿದರು. ಹೆಣ್ಣು-ಗಂಡು ಕೂಡಿಸುವ ಕಷ್ಟ ಬಲ್ಲ ನಮ್ಮ ಹಿರಿಯರು ಇದಕ್ಕೆ ಆಶ್ಚರ್ಯಪಡಲಾರರು. ಶಾಪ್ಲಿ ಅವರಿಗೂ ಈ ತತ್ತ್ವವನ್ನು ಬಳಕೆಗೆ ತಂದ ಆಲ್ವಿನ್ ರಾತ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂದದ್ದು, ಕಾಕತಾಳೀಯವೆಂಬಂತೆ, 2012ರಲ್ಲೇ. ಐಐಟಿ ಮತ್ತು ಎನ್‌ಐಟಿಗಳ ಸೀಟುಗಳನ್ನು 2015ರಿಂದ ಒಟ್ಟಾಗಿ ಹಂಚುತ್ತಿರುವ ಜೋಸಾ ವ್ಯವಸ್ಥೆಯ ತಳಹದಿಯೂ ಇದೇ.

ಪಿಯು ಹಂತಕ್ಕೆ ಇದನ್ನು ಇಳಿಸಿದ ನೆರೆರಾಜ್ಯಗಳಿವೆ. ಮುಂಬೈಯಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶ 2009ರಿಂದ ಕೇಂದ್ರೀಕೃತ ಆನ್‌ಲೈನ್ ಕ್ರಮದಲ್ಲಿ ನಡೆಯುತ್ತಿದೆ. ಕೇರಳದಲ್ಲಿ ‘ಪ್ಲಸ್ ವನ್’ ಸೇರಲು ಏಕಗವಾಕ್ಷಿ ಪದ್ಧತಿ ಅದೇ ದಶಕದ ಕೊನೆಯಿಂದ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗನೂ ಒಂದೇ ಅರ್ಜಿಯಲ್ಲಿ ಹಲವು ಶಾಲೆಗಳನ್ನು ಆದ್ಯತೆಯಂತೆ ಬರೆದು ಕಾಯಬಹುದು. ತೆಲಂಗಾಣ 2016ರಿಂದ ಪದವಿ ಕಾಲೇಜುಗಳಿಗೆ ಇಂಥದೇ ವ್ಯವಸ್ಥೆ ಮಾಡಿಕೊಂಡಿದೆ. ಇವುಗಳಲ್ಲಿ ದೂರುಗಳೇ ಇಲ್ಲವೆಂದಲ್ಲ. ಸರ್ವರ್ ಕೈಕೊಡುವುದು, ದೂರದ ಶಾಲೆ ಹಂಚಿಕೆಯಾಗುವುದು ಎಲ್ಲವೂ ಇವೆ. ಗೇಟಿನ ಮುಂದಿನ ರಾತ್ರಿ ಮಾತ್ರ ಇಲ್ಲ.

ಕರ್ನಾಟಕದಲ್ಲಿ ಪಿಯು ಪ್ರವೇಶ ಕಾಲೇಜುವಾರು ನಡೆಯುತ್ತಲೇ ಬಂದಿರುವುದಕ್ಕೆ ಕಾನೂನಿನ ಕಾರಣವೂ ಇದೆ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅನುದಾನರಹಿತ ಸಂಸ್ಥೆಗಳಿಗೆ ಪ್ರವೇಶದಲ್ಲಿ ಗಣನೀಯ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. ಬೆಂಗಳೂರಿನ ಬಹುಬೇಡಿಕೆಯ ಪಿಯು ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ ಸಂಸ್ಥೆಗಳವು. ಅವುಗಳನ್ನು ಒಂದೇ ಪಟ್ಟಿಗೆ ತರುವುದು ಸುತ್ತೋಲೆಯೊಂದರಿಂದ ಆಗುವ ಕೆಲಸವಲ್ಲ. ಆದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಮಟ್ಟಿಗೆ ಈ ಅಡ್ಡಿ ಹೇಳುವಂತಿಲ್ಲ. ಅಷ್ಟನ್ನಾದರೂ ಒಂದೇ ಅರ್ಜಿಯ ಕೆಳಗೆ ತಂದರೆ ಭ್ರಮೆಯ ಬೇಡಿಕೆಯ ದೊಡ್ಡ ಪಾಲು ಕಳಚಿ ಬೀಳುತ್ತದೆ.

ಎಲ್ಲವನ್ನೂ ಆನ್‌ಲೈನ್ ಮಾಡಿದರೆ ಸಾಕು ಎಂಬ ಉತ್ತರವೂ ಅರ್ಧ ಸತ್ಯ. ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷೆಗಳಿಗಾಗಿ 2021-22ರಲ್ಲಿ ಏಕೀಕೃತ ತಂತ್ರಾಂಶ ಬಂದಿತು. ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಮುಕ್ತ ಐಚ್ಛಿಕ ವಿಷಯಗಳೂ ಬಂದವು. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಐಚ್ಛಿಕ ವಿಷಯದ ಸೀಟುಗಳನ್ನು ಮೊದಲು ಒತ್ತಿದವರಿಗೆ ಮೊದಲು ಎಂಬ ನಿಯಮದಲ್ಲಿ ಹಂಚಿದರೆ ಸಾಲು ಕರಗುವುದಿಲ್ಲ, ಕಾಲುದಾರಿಯಿಂದ ಮೊಬೈಲಿಗೆ ಸ್ಥಳಾಂತರವಾಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಕಾಲಕ್ಕೆ ವಿದ್ಯಾರ್ಥಿಗಳು ತರಗತಿ ನೋಂದಣಿಗೆ ವ್ಯಾಯಾಮಶಾಲೆಗಳಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದರು. ದೂರವಾಣಿ ನೋಂದಣಿ, ಬಳಿಕ ವೆಬ್ ನೋಂದಣಿ ಬಂದಾಗ ಆ ಸಾಲು ಮಾಯವಾಯಿತು. ನೋಂದಣಿ ತೆರೆಯುವ ಕ್ಷಣಕ್ಕೆ ಕಾದು ಕುಳಿತು ಗುಂಡಿ ಒತ್ತುವ ಪರದಾಟ ಉಳಿಯಿತು. ಮನೆಯಲ್ಲಿ ವೇಗದ ಸಂಪರ್ಕವಿದ್ದವನು ಅಲ್ಲಿ ಮಲ್ಲೇಶ್ವರದ ಹುಡುಗ. ಒಂದೇ ಮೊಬೈಲನ್ನು ಮೂವರು ಹಂಚಿಕೊಳ್ಳುವ ಮನೆಯವಳು ಬ್ಯಾಡರಹಳ್ಳಿಯ ಹುಡುಗಿ.

ಇದರ ಹಿಂದೆ ಇನ್ನೊಂದು ಸಾಲಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದಿನದು. ಪರೀಕ್ಷಾ ಪ್ರಾಧಿಕಾರವು ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಕಂದಾಯ ಇಲಾಖೆಯ ದತ್ತಾಂಶದೊಡನೆ ಗಣಕದಲ್ಲೇ ತಾಳೆ ನೋಡಲು ಆರಂಭಿಸಿದ ಮೇಲೆ ಮೂಲ ದಾಖಲೆಗಳನ್ನು ಹೊತ್ತು ಅಲೆಯುವುದು ಬಹುಮಟ್ಟಿಗೆ ತಪ್ಪಿದೆ. ಪಿಯು ಕಾಲೇಜಿನ ಕಿಟಕಿಯಲ್ಲಿ ಈಗಲೂ ಕೇಳುವುದು ಜೆರಾಕ್ಸ್ ಪ್ರತಿಗಳನ್ನೇ. ಫಲಿತಾಂಶದ ವಾರದಲ್ಲಿ ಮಾಗಡಿ ರಸ್ತೆಯ ಜೆರಾಕ್ಸ್ ಅಂಗಡಿಗಳ ಮುಂದೆ ಸಂಜೆಯಿಂದಲೇ ಹುಡುಗರು ಜಮಾಯಿಸುತ್ತಾರೆ: ಅಂಕಪಟ್ಟಿ ನಾಲ್ಕು ಪ್ರತಿ, ಆಧಾರ್ ನಾಲ್ಕು ಪ್ರತಿ, ಜಾತಿ ಪ್ರಮಾಣಪತ್ರ ನಾಲ್ಕು ಪ್ರತಿ. ನಾಲ್ಕು ಕಾಲೇಜುಗಳಿಗೆ ನಾಲ್ಕು ಕಂತೆ.