ಪ್ಲಗ್ ಹಾಕುವ ಮುಂಚೆ

ಅಮೆರಿಕದಲ್ಲಿ ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಹಳೆಯ ಸಾಮಾನುಗಳನ್ನೆಲ್ಲ ಮಾರಾಟಕ್ಕಿಡುವುದುಂಟು. ನೆಲಮಾಳಿಗೆಯಲ್ಲಿ, ಎಲ್‌ಪಿ ರೆಕಾರ್ಡುಗಳ ರಾಶಿಯ ಪಕ್ಕ, ಒಮ್ಮೊಮ್ಮೆ ಎರಡು ಕೈಯಲ್ಲೂ ಎತ್ತಲು ತ್ರಾಸಾಗುವ ಒಂದು ಪೆಟ್ಟಿಗೆ ಸಿಗುತ್ತದೆ: ಫಿಶರ್ 500-ಸಿ ಎಂಬ ವಾಲ್ವ್ ರಿಸೀವರ್. ‘ಮೊನ್ನೆ ಪ್ಲಗ್ ಹಾಕಿ ನೋಡಿದ್ವಿ, ದೀಪ ಹತ್ತುತ್ತೆ’ ಎಂದು ಮಾರುವವರು ಭರವಸೆ ಕೊಡುತ್ತಾರೆ. ಕೊಳ್ಳಲು ಬಂದವರ ಎದೆ ಧಸಕ್ಕೆನ್ನಬೇಕಾದದ್ದು ಆ ಮಾತಿಗೇ. ದಶಕಗಳ ಕಾಲ ಮಲಗಿದ್ದ ವಾಲ್ವ್ ಯಂತ್ರಕ್ಕೆ ಒಮ್ಮೆಲೇ ಪೂರ್ತಿ ಕರೆಂಟ್ ಕೊಡುವುದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ.

ರಿಸೀವರ್ ಎಂದರೆ ಮೂರು ಯಂತ್ರಗಳ ಕೂಡುಕುಟುಂಬ. ರೇಡಿಯೊ ಹಿಡಿಯುವ ಟ್ಯೂನರ್, ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಪ್ರಿಆಂಪ್, ಎರಡು ಸ್ಪೀಕರುಗಳನ್ನು ನುಡಿಸುವ ಪವರ್ ಆಂಪ್ಲಿಫೈಯರ್ ಮೂರೂ ಒಂದೇ ತಗಡಿನ ಮೇಲೆ ಕೂತಿರುತ್ತವೆ. 1960ರ ದಶಕದ ಮೊದಲರ್ಧ ವಾಲ್ವ್ ರಿಸೀವರುಗಳ ಸುವರ್ಣಕಾಲ. ಟ್ರಾನ್ಸಿಸ್ಟರ್ ಬಂದು ಆ ದಶಕ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಗುಡಿಸಿಹಾಕಿತು.

500-ಸಿ ಮಾಡಿದ ಏವರಿ ಫಿಶರ್ ಹುಟ್ಟಿದ್ದು 1906ರಲ್ಲಿ. ಹವ್ಯಾಸಕ್ಕೆ ಪಿಟೀಲು ನುಡಿಸುತ್ತಿದ್ದವರು, ಹೊಟ್ಟೆಪಾಡಿಗೆ ಪುಸ್ತಕಗಳ ವಿನ್ಯಾಸ ಮಾಡುತ್ತಿದ್ದವರು. 1969ರಲ್ಲಿ ಕಂಪನಿ ಮಾರಿದರು. 1973ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿಗೆ ಒಂದು ಕೋಟಿ ಡಾಲರಿಗೂ ಹೆಚ್ಚು ದಾನ ಕೊಟ್ಟರು, ಅಲ್ಲಿನ ಸಂಗೀತ ಸಭಾಂಗಣಕ್ಕೆ ಅವರ ಹೆಸರೇ ಬಂತು. 2015ರಲ್ಲಿ ಹೆಸರು ಬದಲಾಗುವವರೆಗೂ ಅದು ಏವರಿ ಫಿಶರ್ ಹಾಲ್ ಆಗಿಯೇ ಇತ್ತು. ಕಛೇರಿಯ ನಾದವನ್ನು ಮನೆಯ ಹಜಾರಕ್ಕೆ ತರಬೇಕೆಂಬ ಆಸೆ ಅವರ ಯಂತ್ರಗಳ ಒಳಗೂ ಕಾಣುತ್ತದೆ. ಕಬ್ಬಿಣ, ತಾಮ್ರ ಎರಡರಲ್ಲೂ ಕೈ ಬಿಗಿ ಮಾಡಿಲ್ಲ.

ಕೊಳ್ಳುವವರ ಕಣ್ಣು ಮೊದಲು ಹೋಗುವುದು ಗಾಜಿನ ವಾಲ್ವ್‌ಗಳ ಕಡೆಗೆ. ವಾಲ್ವ್ ಕೆಲಸ ಮಾಡುವ ಬಗೆ ಸರಳ. ನಿರ್ವಾತದ ಬುರುಡೆಯೊಳಗೆ ಒಂದು ಕ್ಯಾಥೋಡ್ ಕಾದು ಎಲೆಕ್ಟ್ರಾನುಗಳನ್ನು ಚಿಮ್ಮಿಸುತ್ತದೆ. ಸುತ್ತಲಿನ ಲೋಹದ ಪ್ಲೇಟ್ ನೂರಾರು ವೋಲ್ಟ್ ಧನವಿದ್ಯುತ್ತಿನಿಂದ ಅವನ್ನು ಎಳೆದುಕೊಳ್ಳುತ್ತದೆ. ನಡುವೆ ತಂತಿಯ ಜಾಲರಿ, ಅದೇ ಗ್ರಿಡ್. ಗ್ರಿಡ್‌ಗೆ ಕೊಡುವ ಋಣ ವೋಲ್ಟೇಜ್ ಸ್ವಲ್ಪ ಏರಿಳಿದರೂ ಪ್ಲೇಟಿಗೆ ಹರಿಯುವ ಪ್ರವಾಹ ಬಹಳ ಏರಿಳಿಯುತ್ತದೆ. ಕಾಲುವೆಯ ತೂಬನ್ನು ಬೆರಳಷ್ಟು ಎತ್ತಿದರೆ ಗದ್ದೆ ತುಂಬುವ ಹಾಗೆ. ಲೀ ಡಿ ಫಾರೆಸ್ಟ್ 1906ರಲ್ಲಿ ಸೇರಿಸಿದ ಈ ಜಾಲರಿಯಿಂದಲೇ ಸಣ್ಣ ದನಿ ದೊಡ್ಡದಾಗಲು ಸಾಧ್ಯವಾಯಿತು.

ಬುರುಡೆಯ ಗಾಜಿನ ಒಳಮೈಯಲ್ಲಿ ಬೆಳ್ಳಿ ಬಳಿದಂಥ ಮಚ್ಚೆ ಇರುತ್ತದೆ. ಅದು ಬೇರಿಯಂ ಲೇಪ, ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ವಾಲ್ವ್ ಸತ್ತಿದೆ ಎಂದರ್ಥ. ಹಾಗಾಗಿದ್ದರೂ ಕಂಗೆಡಬೇಕಿಲ್ಲ. 500-ಸಿಯ ಶಕ್ತಿ ಕೊಡುವ ನಾಲ್ಕು 7591 ವಾಲ್ವ್‌ಗಳು ರಷ್ಯಾ ಮತ್ತು ಸ್ಲೊವಾಕಿಯಾದಲ್ಲಿ ಹೊಸದಾಗಿ ತಯಾರಾಗಿವೆ. ವಾಲ್ವ್ ಕಿತ್ತು ಇನ್ನೊಂದು ಸಿಕ್ಕಿಸುವುದು ಬಲ್ಬ್ ಬದಲಿಸಿದಷ್ಟೇ ಸುಲಭ.

ಸುಲಭವಲ್ಲದ್ದು ಟ್ರಾನ್ಸ್‌ಫಾರ್ಮರ್. ವಾಲ್ವ್ ಕೊಡುವುದು ಹೆಚ್ಚು ವೋಲ್ಟೇಜ್, ಕಡಿಮೆ ಪ್ರವಾಹ. ಸ್ಪೀಕರ್ ಕೇಳುವುದು ಅದಕ್ಕೆ ಪೂರ್ತಿ ಉಲ್ಟಾ. ಸಾವಿರಾರು ಓಮ್‌ನ ವಾಲ್ವನ್ನೂ ಎಂಟು ಓಮ್‌ನ ಸ್ಪೀಕರನ್ನೂ ಕೂಡಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ತಗ್ಗಿನ ಮೃದಂಗದಿಂದ ಎತ್ತರದ ತಾಳದವರೆಗೆ ಎಲ್ಲ ಸ್ವರಗಳೂ ಅದರ ಸುರುಳಿ ದಾಟಿಯೇ ಬರಬೇಕು. ಅದೇ ಅಳತೆಯ ಇನ್ನೊಂದು ಸಿಗುವುದು ಕಷ್ಟ, ಮತ್ತೆ ಸುತ್ತಿಸಿದರೂ ಮೂಲದ ನಾದ ಬರುವ ಖಾತ್ರಿಯಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಎರಡು ಔಟ್‌ಪುಟ್, ಒಂದು ಪವರ್, ಈ ಮೂರು ಟ್ರಾನ್ಸ್‌ಫಾರ್ಮರುಗಳು ಚೆನ್ನಾಗಿವೆಯೇ? ಇದ್ದರೆ ದನಿಯೇ ಬಾರದ ಪೆಟ್ಟಿಗೆಯನ್ನೂ ಕೊಳ್ಳಬಹುದು. ಇಲ್ಲದಿದ್ದರೆ ಎಷ್ಟೇ ಹೊಳೆಯಲಿ, ಬಿಟ್ಟುಬರುವುದೇ ಸರಿ. ಮೇಣ ಕರಗಿ ಇಳಿದ ಗುರುತು, ಟಾರು ಸುಟ್ಟ ವಾಸನೆ ಇವೆಯೇ ಎಂದು ನೋಡಬೇಕು. ಎರಡು ಚಾನೆಲ್‌ಗಳ ಸುರುಳಿಗಳ ರೋಧವನ್ನು ಮೀಟರಿನಲ್ಲಿ ಅಳೆದರೆ ಎರಡೂ ಹೆಚ್ಚುಕಮ್ಮಿ ಹೊಂದಬೇಕು.

ಒಳ್ಳೆಯ ಟ್ರಾನ್ಸ್‌ಫಾರ್ಮರನ್ನು ಕೊಲ್ಲುವುದು ಬೆರಳುದ್ದದ ಒಂದು ಕೆಪಾಸಿಟರ್. ಹಿಂದಿನ ಹಂತದ ನೂರಾರು ವೋಲ್ಟ್ ಡಿ.ಸಿ.ಯನ್ನು ತಡೆದು ಸಂಗೀತವನ್ನಷ್ಟೇ ಪವರ್ ವಾಲ್ವಿನ ಗ್ರಿಡ್‌ಗೆ ಬಿಡುವುದು ಅದರ ಕೆಲಸ. ವಯಸ್ಸಾದಂತೆ ಅದು ಸೋರತೊಡಗುತ್ತದೆ. ಗ್ರಿಡ್ ತನ್ನ ಋಣ ವೋಲ್ಟೇಜ್ ಕಳೆದುಕೊಂಡು, ತೂಬು ಪೂರ್ತಿ ತೆರೆದುಕೊಂಡುಬಿಡುತ್ತದೆ. ಕೋಣೆಯ ದೀಪ ಆರಿಸಿ ನೋಡಿದರೆ ವಾಲ್ವಿನೊಳಗಿನ ಬೂದು ಬಣ್ಣದ ಪ್ಲೇಟ್ ನಡುವಿನಿಂದ ಕೆಂಪಗೆ, ಕುಲುಮೆಯ ಕುಡುಗೋಲಿನಂತೆ ಕಾಣುತ್ತದೆ. ಆ ಕ್ಷಣವೇ ಸ್ವಿಚ್ ಆರಿಸದಿದ್ದರೆ ಮೊದಲು ವಾಲ್ವ್, ಹಿಂದೆಯೇ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಗ್ರಿಡ್‌ಗೆ ಋಣ ವೋಲ್ಟೇಜ್ ಒದಗಿಸುವ ಸೆಲೆನಿಯಂ ರೆಕ್ಟಿಫೈಯರ್ ಸೊರಗಿದರೂ ಇದೇ ಗತಿ. ಇವೆರಡನ್ನೂ, ಜೊತೆಗೆ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಬದಲಿಸುವ ಖರ್ಚನ್ನು ಬೆಲೆಯ ಭಾಗವೆಂದೇ ಲೆಕ್ಕ ಹಾಕಬೇಕು. ‘ಒಳಗೆ ಯಾರೂ ಕೈಯಿಟ್ಟಿಲ್ಲ’ ಎಂಬ ಹೊಗಳಿಕೆಗೆ, ಈ ಕೆಲಸವೆಲ್ಲ ಇನ್ನೂ ಬಾಕಿಯಿದೆ ಎಂಬ ಅರ್ಥವೂ ಇದೆ.

ಹಾಗಾದರೆ ಪರೀಕ್ಷೆ ಹೇಗೆ? ನಮ್ಮೂರ ವೈಂಡಿಂಗ್ ಅಂಗಡಿಗಳ ಸೀರೀಸ್ ಲ್ಯಾಂಪೇ ಇಲ್ಲಿಯೂ ಕೈಹಿಡಿಯುತ್ತದೆ. ಯಂತ್ರಕ್ಕೆ ಹೋಗುವ ತಂತಿಯ ನಡುವೆ ಹಳೆಯ ಕಾಲದ 100 ವ್ಯಾಟ್ ಬಲ್ಬ್ ಇಟ್ಟರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬ್ ಧಗ್ಗನೆ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಸ್ಪೀಕರ್ ಜೋಡಿಸದೆ ಮಾತ್ರ ನುಡಿಸಬಾರದು, ಹಾಗೆ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ಅಪಾಯ. ತಳದ ತಗಡು ಬಿಚ್ಚಿದಾಗ ಇನ್ನೂ ಎಚ್ಚರ ಬೇಕು: ಒಳಗೆ 400 ವೋಲ್ಟ್ ಮೀರಿದ ವಿದ್ಯುತ್ತಿದೆ, ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಅನುಭವವಿಲ್ಲದವರು ಅಲ್ಲಿ ಕೈ ಹಾಕಲೇಬಾರದು.

‘ಸ್ಟೀರಿಯೊ’ ಎಂಬ ಹಣೆಪಟ್ಟಿಯೂ ಮೋಸ ಮಾಡೀತು. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರ ಶುರುವಾದದ್ದು 1961ರ ಜೂನ್ 1ರಂದು. ಅದಕ್ಕೂ ಮುಂಚೆ ಕೆಲವು ಕೇಂದ್ರಗಳು ಒಂದು ಕಿವಿಯ ಸಂಗೀತವನ್ನು ಎಎಂನಲ್ಲೂ ಇನ್ನೊಂದರದನ್ನು ಎಫ್‌ಎಂನಲ್ಲೂ ಕಳಿಸುತ್ತಿದ್ದವು. ಅಂಥ ಪ್ರಸಾರಕ್ಕೆಂದೇ ಎರಡು ಟ್ಯೂನರ್ ಇಟ್ಟುಕೊಂಡ ಹಳೆಯ ‘ಸ್ಟೀರಿಯೊ’ ಯಂತ್ರಗಳೂ ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಇಂದಿನ ಎಫ್‌ಎಂ ಕೇಳಿದರೆ ಬರುವುದು ಒಂದೇ ದನಿ. 500-ಸಿಗೆ ಆ ತೊಂದರೆಯಿಲ್ಲ, ಸ್ಟೀರಿಯೊ ಬಿಡಿಸುವ ಮಲ್ಟಿಪ್ಲೆಕ್ಸ್ ಭಾಗ ಅದರೊಳಗೇ ಇದೆ. ಎಎಂ ಕೂಡ ಬೇಕೆನ್ನುವವರು 800-ಸಿ ಹುಡುಕಬೇಕು.

ಬೆಂಗಳೂರಿಗೆ ತರುವುದಾದರೆ ಲೆಕ್ಕ ಬೇರೆ. ಅಮೆರಿಕದ ಯಂತ್ರ 60 ಹರ್ಟ್ಸ್, 117 ವೋಲ್ಟಿನದು. ಇಲ್ಲಿರುವುದು 50 ಹರ್ಟ್ಸ್, 230 ವೋಲ್ಟ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಅದು ಹರ್ಟ್ಸ್ ಬದಲಿಸದು. ಅದೇ ವೋಲ್ಟೇಜಿಗೆ 50 ಹರ್ಟ್ಸ್‌ನಲ್ಲಿ ಕಬ್ಬಿಣದ ತಿರುಳು ಐದರಲ್ಲೊಂದು ಪಾಲು ಹೆಚ್ಚು ಕಾಂತೀಯ ಹೊರೆ ಹೊರಬೇಕು, ಹಾಗಾಗಿ ಹೆಚ್ಚು ಕಾಯುತ್ತದೆ. ಹಿಂಬದಿಯಲ್ಲಿ 50-60 ಎಂದು ಬರೆದಿರುವ ಯಂತ್ರವೇ ವಾಸಿ. ಎಫ್‌ಎಂನ ತೀಕ್ಷ್ಣ ಸ್ವರಗಳನ್ನು ತಗ್ಗಿಸುವ ಪ್ರಮಾಣ ಕೂಡ ಅಲ್ಲಿಗೂ ಇಲ್ಲಿಗೂ ಬೇರೆ. ಅಲ್ಲಿಯದು 75 ಮೈಕ್ರೊಸೆಕೆಂಡ್, ಇಲ್ಲಿಯದು 50. ಹಾಗೇ ಬಿಟ್ಟರೆ ತಾಳ, ತಂಬೂರಿಯ ಹೊಳಪು ತುಸು ಮಂಕಾಗುತ್ತದೆ, ಒಂದೆರಡು ಬಿಡಿಭಾಗ ಬದಲಿಸಿದರೆ ಸರಿಹೋಗುತ್ತದೆ. ವಾಲ್ವ್ ಈ ಊರಿಗೆ ಹೊಸದಲ್ಲ. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅಲ್ಲಿಯ ಇಎಲ್84 ವಾಲ್ವ್‌ಗಳನ್ನು ಹೊರದೇಶದ ಗಿಟಾರ್ ವಾದಕರೂ ಹುಡುಕಿ ಕೊಳ್ಳುತ್ತಾರೆ.

ರಿಪೇರಿಯಾದ ಮೇಲೆ ಎರಡು ಗಂಟೆ ನುಡಿಸಿ, ಪವರ್ ಟ್ರಾನ್ಸ್‌ಫಾರ್ಮರಿನ ಹತ್ತಿರ ಅಂಗೈ ಹಿಡಿಯಬೇಕು. ಬಿಸಿ ಇದ್ದೇ ಇರುತ್ತದೆ. ವಾಸನೆ ಬರದಿದ್ದರೆ, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಕಿವಿ ಹತ್ತಿರ ತಂದಾಗ ಮಾತ್ರ ಕೇಳಿಸಿದರೆ, ಹಣ ಎಣಿಸಬಹುದು.