ಆಫೀಸಿನ ರಾಜಕೀಯ, ಹುಬ್ಬಳ್ಳಿಯಿಂದ ಕಂಡಂತೆ

ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ರಾಜಕೀಯದ ಚರ್ಚೆಗೆ ಬರ ಇಲ್ಲ. ಪಾಲಿಕೆಯಿಂದ ಹಿಡಿದು ಮಹದಾಯಿ ನೀರಿನವರೆಗೆ ಎಲ್ಲಾ ಮಾತಾಡುತ್ತೇವೆ. ಆದರೆ ಮಗನೋ ಮಗಳೋ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಬಂದು “ಆಫೀಸಿನ್ಯಾಗ ಭಾಳ ಪಾಲಿಟಿಕ್ಸ್ ಐತಿ” ಅಂದರೆ ಅಪ್ಪ-ಅಮ್ಮನಿಗೆ ಅರ್ಥ ಆಗುವುದಿಲ್ಲ. “ನಿನ್ನ ಕೆಲಸ ನೀ ಮಾಡ್ಕೋತ ಇರು, ಅವರಿವರ ಗೊಡವಿ ಯಾಕ?” ಅನ್ನುತ್ತಾರೆ.

ಅವರ ತಪ್ಪೇನಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲೋ ಬ್ಯಾಂಕಿನಲ್ಲೋ ದುಡಿದವರಿಗೆ ಸೀನಿಯಾರಿಟಿ ಪಟ್ಟಿ ಅಂತ ಒಂದಿತ್ತು. (ಅಲ್ಲಿ ರಾಜಕೀಯವೇ ಇರಲಿಲ್ಲ ಅಂತ ನಾನೇನೂ ಹೇಳುತ್ತಿಲ್ಲ, ಅವರ ಕಥೆಗಳನ್ನೂ ಕೇಳಿದ್ದೇನೆ.) ಸಾಫ್ಟ್‌ವೇರ್ ಕಂಪನಿಯಲ್ಲಿ ಅಂಥ ಪಟ್ಟಿ ಇಲ್ಲ. ವರ್ಷಕ್ಕೊಮ್ಮೆ ರೇಟಿಂಗ್ ಬರುತ್ತದೆ. ಸಂಬಳದ ಏರಿಕೆ, ಬಡ್ತಿ, ಒಳ್ಳೆಯ ಪ್ರಾಜೆಕ್ಟ್ ಎಲ್ಲವೂ ಅದರ ಮೇಲೆ ನಿಂತಿದೆ. ಆ ರೇಟಿಂಗ್ ತೀರ್ಮಾನವಾಗುವ ಮೀಟಿಂಗಿನಲ್ಲಿ ನಾವಿರುವುದಿಲ್ಲ. ನಮ್ಮ ಪರವಾಗಿ ಯಾರು ಮಾತಾಡಿದರು, ಯಾರು ಸುಮ್ಮನೆ ಕೂತರು ಅನ್ನುವುದೂ ತಿಳಿಯುವುದಿಲ್ಲ.

ದೊಡ್ಡವರ ಜಗಳವಾದರೆ ಊರಿಗೆಲ್ಲಾ ಗೊತ್ತಾಗುತ್ತದೆ. 2017ರ ಇನ್ಫೋಸಿಸ್ ಗಲಾಟೆ ನೆನಪಿರಬಹುದು. ಸುಧಾ ಮೂರ್ತಿಯವರು ನಮ್ಮ ಬಿವಿಬಿ ಕಾಲೇಜಿನಲ್ಲೇ ಎಂಜಿನಿಯರಿಂಗ್ ಓದಿದವರು, ಹಾಗಾಗಿ ಇಲ್ಲಿ ಇನ್ಫೋಸಿಸ್ ಸುದ್ದಿ ಅಂದರೆ ಅರ್ಧ ಮನೆಯ ಸುದ್ದಿ. ಪನಾಯಾ ಕಂಪನಿಯ ಖರೀದಿ, ಕೆಲಸ ಬಿಟ್ಟುಹೋದ ಹಣಕಾಸು ಮುಖ್ಯಸ್ಥರಿಗೆ ಒಪ್ಪಿಕೊಂಡ ಪರಿಹಾರ, ಸಿಇಒ ಸಂಬಳ, ಇವುಗಳ ಬಗ್ಗೆ ನಾರಾಯಣ ಮೂರ್ತಿಯವರು ಪ್ರಶ್ನೆ ಎತ್ತಿದ್ದರು. ಆಗಸ್ಟ್ 18ರಂದು ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಆ ಒಂದೇ ದಿನ ಶೇರಿನ ಬೆಲೆ ಹತ್ತಿರ ಹತ್ತಿರ 10% ಬಿತ್ತು. ಆಡಳಿತ ಮಂಡಳಿ ಮೂರ್ತಿಯವರತ್ತ ಬೆರಳು ತೋರಿಸಿತು. ಅವರು ಅದನ್ನು ಒಪ್ಪಲಿಲ್ಲ. ಆಗಸ್ಟ್ 24ಕ್ಕೆ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. ಪನಾಯಾ ವ್ಯವಹಾರದಲ್ಲಿ ತಪ್ಪು ನಡೆದಿಲ್ಲ ಎಂದು ಅವರ ಕಾಲದ ಮಂಡಳಿಯೂ ಅದೇ ಅಕ್ಟೋಬರಿನಲ್ಲಿ ಹೇಳಿತು.

ಯಾರು ಸರಿ ಅನ್ನುವ ವಾದ ನನಗಿಲ್ಲಿ ಬೇಡ. ಕಂಪನಿ ಕಟ್ಟಿದವರು ಪ್ರಶ್ನೆ ಕೇಳುವುದು ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ. ಆ ಜಗಳದಲ್ಲಿ ಪತ್ರಗಳಿದ್ದವು, ತನಿಖೆ ಇತ್ತು, ಪೇಪರಿನಲ್ಲಿ ಎರಡೂ ಕಡೆಯ ಮಾತು ಬಂತು. ಹತ್ತು ಜನರ ಟೀಮಿನೊಳಗೆ ನಡೆಯುವ ರಾಜಕೀಯದಲ್ಲಿ ಇದ್ಯಾವುದೂ ಇರುವುದಿಲ್ಲ. ಮೇಲ್‌ನ ಸಿಸಿಯಿಂದ ಒಂದು ಹೆಸರು ಬಿಟ್ಟುಹೋಗಿರುತ್ತದೆ. ಮೀಟಿಂಗಿನ ಆಮಂತ್ರಣ ಬಂದಿರುವುದಿಲ್ಲ. ಕೇಳಿದರೆ “ಅಯ್ಯೋ, ಮರೆತೇಹೋಯ್ತು” ಅನ್ನುತ್ತಾರೆ. ಒಮ್ಮೊಮ್ಮೆ ನಿಜವಾಗಿಯೂ ಮರೆತಿರುತ್ತಾರೆ, ಕಷ್ಟ ಅದೇ.

ಕೆಲವು ಸಲ ಈ ರಾಜಕೀಯವನ್ನು ಕಂಪನಿಯ ನಿಯಮವೇ ಬೆಳೆಸುತ್ತದೆ. ಮೈಕ್ರೋಸಾಫ್ಟಿನಲ್ಲಿ ಬಹಳ ವರ್ಷ ಸ್ಟ್ಯಾಕ್ ರ್ಯಾಂಕಿಂಗ್ ಅನ್ನುವ ಪದ್ಧತಿ ಇತ್ತು. ಟೀಮಿನಲ್ಲಿ ಇಷ್ಟು ಜನ ಅತ್ಯುತ್ತಮ, ಇಷ್ಟು ಜನ ಕಳಪೆ ಎಂದು ಮ್ಯಾನೇಜರ್ ಹಂಚಲೇಬೇಕು. ಎಲ್ಲರೂ ಚಲೋ ಕೆಲಸ ಮಾಡಿದ್ದರೂ ಯಾರಾದರೂ ಕೆಳಗೆ ಬೀಳಲೇಬೇಕು. ಇದರ ಫಲ ಏನಾಯಿತು ಅಂತ 2012ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ದೊಡ್ಡ ಲೇಖನವೇ ಬಂತು. ಜಾಣ ಎಂಜಿನಿಯರುಗಳು ಇನ್ನೊಬ್ಬ ಜಾಣನ ಜೊತೆ ಒಂದೇ ಟೀಮಿನಲ್ಲಿರಲು ಹಿಂಜರಿಯುತ್ತಿದ್ದರು, ಗೊತ್ತಿದ್ದ ಮಾಹಿತಿಯನ್ನು ಪಕ್ಕದವನಿಗೆ ಪೂರ್ತಿ ಹೇಳುತ್ತಿರಲಿಲ್ಲ. 2013ರ ನವೆಂಬರಿನಲ್ಲಿ ಕಂಪನಿ ಆ ಪದ್ಧತಿಯನ್ನು ಕೈಬಿಟ್ಟಿತು. ಬೆಲ್ ಕರ್ವ್ ಅನ್ನುವ ಹೆಸರಿನಲ್ಲಿ ಇದರ ತಮ್ಮನನ್ನು ನಮ್ಮ ಕಡೆಯ ಐಟಿ ಮಂದಿ ಚೆನ್ನಾಗಿಯೇ ಬಲ್ಲರು.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನಿಂದ ಊರಿಗೆ ಬಂದವರಲ್ಲಿ ಕೆಲವರು ತಿರುಗಿ ಹೋಗಲಿಲ್ಲ. ಅಪ್ಪ-ಅಮ್ಮನಿಗೆ ವಯಸ್ಸಾಗಿತ್ತು, ಬಾಡಿಗೆ ಉಳಿಯುತ್ತಿತ್ತು. ನಾನೂ ಅವರಲ್ಲೊಬ್ಬ. ವಿಮಾನ ನಿಲ್ದಾಣದ ಹತ್ತಿರ ವರ್ಷಗಟ್ಟಲೆ ಖಾಲಿ ನಿಂತಿದ್ದ ಇನ್ಫೋಸಿಸ್ ಕ್ಯಾಂಪಸ್ ಕೂಡ 2022ರಲ್ಲಿ ಬಾಗಿಲು ತೆರೆಯಿತು. ಇಲ್ಲಿಗೆ ವರ್ಗವಾಗಿ ಬರುವವರಿಗೆ ಹುದ್ದೆಗೆ ತಕ್ಕಂತೆ ಎರಡು ವರ್ಷದಲ್ಲಿ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಕೊಡುತ್ತಾರೆ ಅನ್ನುವ ಸುದ್ದಿಯೂ ಬಂತು. ಹುಬ್ಬಳ್ಳಿಗೆ ಬರಲು ದುಡ್ಡು ಯಾಕೆ ಕೊಡಬೇಕು ಅಂತ ನಮ್ಮ ಓಣಿಯಲ್ಲಿ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಬಾಸ್ ಕಣ್ಣಿನಿಂದ ದೂರ ಹೋದರೆ ಬಡ್ತಿಯಿಂದಲೂ ದೂರ ಅನ್ನುವ ಲೆಕ್ಕ ಪ್ರತಿ ಎಂಜಿನಿಯರಿನ ತಲೆಯಲ್ಲಿದೆ.

ಆ ಲೆಕ್ಕ ಬರೀ ಭ್ರಮೆಯಲ್ಲ. ಸ್ಟ್ಯಾನ್‌ಫರ್ಡಿನ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಸಿಟ್ರಿಪ್ ಕಂಪನಿಯ ಕಾಲ್ ಸೆಂಟರಿನಲ್ಲಿ ಒಂಬತ್ತು ತಿಂಗಳು ಪ್ರಯೋಗ ನಡೆಸಿ 2015ರಲ್ಲಿ ಪ್ರಕಟಿಸಿದರು. ಮನೆಯಿಂದ ದುಡಿದವರ ಕೆಲಸ 13% ಹೆಚ್ಚಾಗಿತ್ತು. ಆದರೆ ಅಷ್ಟೇ ಕೆಲಸ ಮಾಡಿ ಆಫೀಸಿನಲ್ಲಿ ಕೂತವರಿಗೆ ಹೋಲಿಸಿದರೆ ಇವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು. ಅದೇ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಎಂಬ ಇನ್ನೊಂದು ಪ್ರಯೋಗ ಮಾಡಿ 2024ರಲ್ಲಿ ಫಲಿತಾಂಶ ಕೊಟ್ಟರು. ಅಲ್ಲಿ ಬಡ್ತಿಗೆ ಪೆಟ್ಟು ಬೀಳಲಿಲ್ಲ, ಕೆಲಸ ಬಿಡುವವರೂ ಮೂರನೇ ಒಂದರಷ್ಟು ಕಡಿಮೆಯಾದರು. ಅಂದರೆ ಆಗಾಗ ಮುಖ ತೋರಿಸಿದರೆ ಸಾಕು. ಬೆಂಗಳೂರಿನ ಟೀಮಿನಲ್ಲಿರುವ ಧಾರವಾಡದವರು ಮುಖ ತೋರಿಸುವುದು ಹೇಗೆ? ವಂದೇ ಭಾರತ್ ಹತ್ತಿದರೂ ಆರು ತಾಸಿನ ಮೇಲಾಗುತ್ತದೆ.

ನನ್ನ ಕಂಪನಿಯಲ್ಲೇ ಇದ್ದ ಗೆಳತಿಯೊಬ್ಬಳು ಧಾರವಾಡದಿಂದ ಕೆಲಸ ಮಾಡುತ್ತಿದ್ದಳು. ಮಗು ಚಿಕ್ಕದು. ಬಿಲ್ಲಿಂಗ್‌ನ ಹಳೆಯ ಕೋಡ್ ಪೂರ್ತಿ ಬಲ್ಲವಳು ಅವಳೊಬ್ಬಳೇ. ಅದನ್ನು ಹೊಸ ವ್ಯವಸ್ಥೆಗೆ ತಂದದ್ದೂ ಅವಳೇ. ಕ್ಲೈಂಟ್ ಬೆಂಗಳೂರಿಗೆ ಬಂದ ದಿನ ಅದನ್ನು ತೋರಿಸಿದವರು ಬೇರೆ. ಸ್ಲೈಡಿನಲ್ಲಿ ಟೀಮ್ ಅಂತ ಇತ್ತು, ಹೆಸರಿರಲಿಲ್ಲ. ಆ ವರ್ಷ ತೋರಿಸಿದವರಿಗೆ ಬಡ್ತಿ, ಇವಳಿಗೆ ನಡುವಿನ ರೇಟಿಂಗ್. ಕಾರಣ ಕೇಳಿದಾಗ ಬಂದ ಉತ್ತರ, “ನಿಮ್ಮ ವಿಸಿಬಿಲಿಟಿ ಸ್ವಲ್ಪ ಕಮ್ಮಿ.”

ಅವಳು ಜಗಳ ಮಾಡಲಿಲ್ಲ. ಮೊದಲು ಮೀಟಿಂಗುಗಳಲ್ಲಿ ಮಾತು ನಿಲ್ಲಿಸಿದಳು. ಆಮೇಲೆ ಹೊಸಬರಿಗೆ ಹೇಳಿಕೊಡುವುದು ನಿಲ್ಲಿಸಿದಳು. ರಾತ್ರಿ ನಿದ್ದೆ ಬರುವುದಿಲ್ಲ, ಮಗುವಿನ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಅಂತ ಒಂದು ದಿನ ಹೇಳಿದಳು. ಅವಳ ಅತ್ತೆ “ಬ್ಯಾಡ ಬಿಡವ್ವ ಆ ನೌಕರಿ” ಅಂದರಂತೆ. ಕೊನೆಗೆ ಬಿಟ್ಟಳು. ಮುಂದಿನ ಎರಡು ತಿಂಗಳು ನಾವು ಮೂರು ಜನ ಅವಳ ಕೋಡ್ ಓದುತ್ತಾ ಕೂತೆವು. ತಿಂಗಳ ಕೊನೆಯ ಬಿಲ್ಲಿನಲ್ಲಿ ಒಂದು ಲೆಕ್ಕ ಯಾಕೆ ಹೆಚ್ಚು ಬರುತ್ತಿದೆ ಅಂತ ಹುಡುಕಲಿಕ್ಕೇ ಹತ್ತು ದಿನ ಹಿಡಿಯಿತು. ಅವಳಿಗೆ ಫೋನ್ ಮಾಡಿ ಕೇಳೋಣ ಅಂದವರೂ ಇದ್ದರು, ಮಾಡಲು ಯಾರಿಗೂ ಮುಖ ಇರಲಿಲ್ಲ.

ಕಂಪನಿ ಬಿಡುವಾಗ ಒಂದು ಫಾರಂ ತುಂಬಬೇಕು. ಕಾರಣ ಅನ್ನುವ ಕಡೆ ಐದಾರು ಆಯ್ಕೆ ಇರುತ್ತವೆ: ಹೆಚ್ಚಿನ ಸಂಬಳ, ಉನ್ನತ ವ್ಯಾಸಂಗ, ಸ್ಥಳ ಬದಲಾವಣೆ, ಆರೋಗ್ಯ, ವೈಯಕ್ತಿಕ. ಅವಳು ವೈಯಕ್ತಿಕ ಅಂತ ಒತ್ತಿದಳಂತೆ. ಆ ಮೂರು ತಿಂಗಳ ವರದಿಯನ್ನು ಎಚ್‌ಆರ್ ನಮ್ಮೆಲ್ಲರಿಗೂ ತೋರಿಸಿದರು. ಅದರಲ್ಲಿ ವೈಯಕ್ತಿಕ ಕಾರಣದ ಕಂಬವೇ ಎಲ್ಲಕ್ಕಿಂತ ಎತ್ತರ ಇತ್ತು.