ಸಹಿ ಹಾಕಿದ ಮಾತ್ರಕ್ಕೆ ಒಪ್ಪಿದಂತೆಯೇ?

ಶಿಕಾರಿಪುರದ ಕಡೆಯ ಹಳ್ಳಿಯೊಂದರಿಂದ ಮಗನೊಬ್ಬ ತಾಯಿಯನ್ನು ಆಪರೇಷನ್‌ಗೆಂದು ಪೇಟೆಯ ಆಸ್ಪತ್ರೆಗೆ ಕರೆತಂದಿದ್ದಾನೆ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯೊಂದು ಅವನ ಕೈಗೆ ಬರುತ್ತದೆ. “ಇಲ್ಲಿ ಸೈನ್ ಮಾಡಿ” ಎಂದ ಕೂಡಲೇ ಮಗ ಸಹಿ ಹಾಕುತ್ತಾನೆ. ಪಕ್ಕದಲ್ಲೇ ಕುಳಿತ ತಾಯಿಯನ್ನು ಯಾರೂ ಏನೂ ಕೇಳುವುದಿಲ್ಲ.

ಇಂಥ ಹಾಳೆಗಳಲ್ಲಿ ಅಗ್ರೀ, ಕನ್ಸೆಂಟ್, ಅಪ್ರೂವ್ ಎಂಬ ಕ್ರಿಯಾಪದಗಳು ಸಾಲಾಗಿ ಬರುತ್ತವೆ. ನಾವು ಎಲ್ಲಕ್ಕೂ ‘ಒಪ್ಪಿದೆ’ ಎಂದುಬಿಡುತ್ತೇವೆ. ಆದರೆ ಅವುಗಳ ಅರ್ಥ ಒಂದೇ ಅಲ್ಲ.

ಯಾವ ಪದಕ್ಕೆ ಯಾವ ಅರ್ಥ?

ಅಗ್ರೀ ಎಂದರೆ ಇಬ್ಬರ ಅಭಿಪ್ರಾಯ ಹೊಂದುವುದು. “ಹೌದು, ನೀವು ಹೇಳಿದ್ದು ಸರಿ” ಎನ್ನುವುದು ಇದೇ. ಕನ್ಸೆಂಟ್ ಎಂದರೆ ನನ್ನ ದೇಹ, ನನ್ನ ಜಮೀನು, ನನ್ನ ಮಾಹಿತಿಯ ವಿಷಯದಲ್ಲಿ ಇನ್ನೊಬ್ಬರು ಏನೋ ಮಾಡಲು ನಾನು “ಆಗಲಿ” ಎನ್ನುವುದು. ಡಾಕ್ಟರ್ ಹೇಳಿದ್ದು ಸರಿ ಎಂದು ಅಗ್ರೀ ಆಗಿಯೂ, ಆಪರೇಷನ್ ಬೇಡ ಎಂದು ಕನ್ಸೆಂಟ್ ಕೊಡದೇ ಇರಬಹುದು.

ಅಪ್ರೂವ್ ಎಂದರೆ ಅಧಿಕಾರ ಇರುವವರು ಮಂಜೂರು ಮಾಡುವುದು. ಅಸೆಂಟ್ ಅನ್ನು ಎರಡು ಕಡೆ ಕಾಣುತ್ತೇವೆ. ಮಸೂದೆಗೆ ರಾಷ್ಟ್ರಪತಿ ಅಥವಾ ರಾಜ್ಯಪಾಲರು ಹಾಕುವ ಅಂಕಿತ ಒಂದು. ವೈದ್ಯಕೀಯ ಸಂಶೋಧನೆಯಲ್ಲಿ ಮಕ್ಕಳು ತಾವಾಗಿ ‘ಹೂಂ’ ಎನ್ನುವುದು ಇನ್ನೊಂದು. ಅಲ್ಲಿ ಕನ್ಸೆಂಟ್ ಕೊಡುವವರು ತಂದೆತಾಯಿ. ಆದರೂ 7 ವರ್ಷ ದಾಟಿದ ಮಗುವನ್ನು ಕೇಳಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಸಪೋರ್ಟ್ ಮತ್ತು ಎಂಡಾರ್ಸ್ ಬೆಂಬಲದ ಪದಗಳು. ಎಂಡಾರ್ಸ್‌ನ ಮೂಲದಲ್ಲಿ ‘ಬೆನ್ನು’ ಎಂಬ ಅರ್ಥದ ಲ್ಯಾಟಿನ್ ಪದವಿದೆ, ಕಾಗದದ ಬೆನ್ನಿಗೆ ಸಹಿ ಹಾಕುತ್ತಿದ್ದುದರಿಂದ. ನಮ್ಮ ‘ಬೆಂಬಲ’ವೂ ಬೆನ್ನಿನ ಬಲವೇ! ಹಾಗೆಂದು ಬೆಂಬಲ ಒಪ್ಪಿಗೆಯಾಗದು. ಊರಿಗೆ ಕಾರ್ಖಾನೆ ಬರಲಿ ಎಂದು ಸಭೆಯಲ್ಲಿ ಕೈ ಎತ್ತಿದ ಸೊರಬದ ರೈತ, ತನ್ನ ಗದ್ದೆ ಕೊಡುತ್ತೇನೆ ಎಂದಂತಾಗುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ ಜಮೀನು ಸ್ವಾಧೀನಪಡಿಸಿಕೊಳ್ಳುವಾಗ ಕೇಳುವುದು ಬೆಂಬಲವನ್ನಲ್ಲ, ಬಾಧಿತ ಕುಟುಂಬಗಳಲ್ಲಿ ಕನಿಷ್ಠ ಶೇ. 80ರಷ್ಟರ ಕನ್ಸೆಂಟ್ ಅನ್ನು.

ನಂಬಿಕೆ: ಸಹಿ ಬಿದ್ದರೆ ಮುಗಿಯಿತು

ನಿಜ: ಸಹಿ ಒಪ್ಪಿಗೆಗೆ ಸಾಕ್ಷಿ ಮಾತ್ರ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮಿನ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಕನ್ಸೆಂಟ್. ಬಲವಂತ, ಮೋಸ, ತಪ್ಪು ಮಾಹಿತಿಯಿಂದ ಪಡೆದದ್ದು ಮುಕ್ತ ಒಪ್ಪಿಗೆಯಲ್ಲ ಎನ್ನುತ್ತದೆ 14ನೇ ಕಲಮು.

ಹಳೆಯ ಕನ್ನಡ ಶಾಸನಗಳ ಕೊನೆಯಲ್ಲಿ ಸಹಿಗೆ ‘ಒಪ್ಪ’ ಎಂದೇ ಹೆಸರು. ಒಪ್ಪು ಎಂದರೆ ಹೊಂದು, ಚೆನ್ನಾಗಿ ಕಾಣು ಎಂಬ ಅರ್ಥವೂ ಇದೆ. ಮನಸ್ಸಿಗೆ ಹೊಂದಿದ್ದಕ್ಕೆ ಹಾಕುವ ಗುರುತೇ ಒಪ್ಪ. ಮನಸ್ಸನ್ನು ಕೇಳದೆ ಗುರುತು ಮಾತ್ರ ಪಡೆದರೆ ಆ ಪದದ ಅರ್ಥವೇ ಹೋಯಿತು.

ನಂಬಿಕೆ: ಮನೆಯವರು ಒಪ್ಪಿದರೆ ಸಾಕು

ನಿಜ: ಸಾಲದು. ಪರೀಕ್ಷೆಗಾಗಿ ಲ್ಯಾಪರೊಸ್ಕೋಪಿಗೆ ಒಪ್ಪಿದ್ದ ಮಹಿಳೆಯೊಬ್ಬರಿಗೆ ಅರಿವಳಿಕೆಯಲ್ಲಿದ್ದಾಗಲೇ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಇದನ್ನು ತಪ್ಪು ಎಂದಿತು. ವಯಸ್ಕ ರೋಗಿಗೆ ತಾನೇ ನಿರ್ಧರಿಸುವ ಶಕ್ತಿ ಇದ್ದರೆ ಅವರ ಒಪ್ಪಿಗೆಯೇ ಬೇಕು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಅನ್ವಯಿಸದು ಎಂಬುದು ತೀರ್ಪಿನ ಸಾರ. ಪ್ರಾಣ ಉಳಿಸಲು ತಡಮಾಡಲಾಗದ ತುರ್ತು ಸಂದರ್ಭ ಮಾತ್ರ ಬೇರೆ.

ನಂಬಿಕೆ: ಒಮ್ಮೆ ಒಪ್ಪಿದರೆ ಹಿಂದೆ ಸರಿಯುವಂತಿಲ್ಲ

ನಿಜ: ಸರಿಯಬಹುದು. ಸೊರಬ ತಾಲ್ಲೂಕಿನ ಜನಕ್ಕೆ ಇದು ದೂರದ ವಿಷಯವಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊಸ ಲಸಿಕೆ ಅಥವಾ ಔಷಧವನ್ನು ಜನರ ಮೇಲೆ ಪರೀಕ್ಷಿಸುವಾಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ಪಾಲಿಸಬೇಕು. ಅವುಗಳ ಪ್ರಕಾರ ಪರೀಕ್ಷೆಗೆ ಒಳಗಾದವರು ಯಾವಾಗ ಬೇಕಾದರೂ ಹೊರಬರಬಹುದು. ಹಾಗೆ ಹೊರಬಂದರೆ ಅವರ ಚಿಕಿತ್ಸೆಗೆ ಕುಂದು ಬರುವಂತಿಲ್ಲ. ಓದಲು ಬಾರದವರಿಗೆ ತಟಸ್ಥ ಸಾಕ್ಷಿಯೊಬ್ಬರ ಎದುರು ಎಲ್ಲವನ್ನೂ ವಿವರಿಸಬೇಕು.

ನೀವೇನು ಮಾಡಬಹುದು?

ನಮ್ಮ ಕಡೆ ಹಿರಿಯರು ಮಾತು ಕೇಳುತ್ತಾ “ಹೂಂ, ಹೂಂ” ಎನ್ನುತ್ತಾರೆ. ಅದು ಬಹಳ ಸಲ “ಕೇಳಿಸಿಕೊಳ್ಳುತ್ತಿದ್ದೇನೆ” ಎಂದಷ್ಟೇ, “ಒಪ್ಪಿದೆ” ಎಂದಲ್ಲ. ಆದ್ದರಿಂದ ಸಹಿಗೆ ಮೊದಲು ಇಷ್ಟನ್ನು ಕೇಳಿ: ಏನು ಮಾಡುತ್ತೀರಿ? ಯಾಕೆ? ತೊಂದರೆ ಏನಾಗಬಹುದು? ಬೇರೆ ದಾರಿ ಇದೆಯೇ? ಬೇಡವೆಂದರೆ ಏನಾಗುತ್ತದೆ? ಉತ್ತರ ಕನ್ನಡದಲ್ಲೇ ಬೇಕೆಂದು ಕೇಳಲು ಸಂಕೋಚ ಬೇಡ.

ಕೊನೆಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಡಾಕ್ಟರಿಗಲ್ಲ, ಪಕ್ಕದಲ್ಲಿ ಕುಳಿತವರಿಗೆ ಕೇಳಿ: “ಅಮ್ಮಾ, ನಿನಗೆ ಒಪ್ಪಿಗೆಯಾ?”